ಒಂದು ಬಸ್ಸಿನಷ್ಟು ಜಾಗ

ಕುಶಾಲಪ್ಪ ಗುಲಾಮ ಮನಸ್ಸಿನ ಮನುಷ್ಯ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಬಹಳ ಕಾಲ ನೋಡಿ ಹೇಳುತ್ತಿದ್ದೇನೆ. ಕಾರಿನಲ್ಲಿ ಬಂದವರಿಗೆ ಅವನು ಸಲಾಂ ಹೊಡೆಯುತ್ತಾನೆ. ಕಾರು ದೊಡ್ಡದಾದಷ್ಟೂ ಅವನ ಬೆನ್ನು ನೆಟ್ಟಗಾಗುತ್ತದೆ, ಹಿಮ್ಮಡಿಗೆ ಹಿಮ್ಮಡಿ ತಾಗುತ್ತದೆ. ಒಳಗಿದ್ದವರು ಅವನತ್ತ ನೋಡಿದರೋ, ಫೋನಿನಲ್ಲಿ ಮುಳುಗಿದ್ದರೋ, ಅದು ಅವನಿಗೆ ಬೇಕಿಲ್ಲ. ನಡೆದು ಬಂದವರು ಅವನ ಕಣ್ಣಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಬಂದವರಂತೂ ಅವನ ಪಾಲಿಗೆ ಹುಟ್ಟಿಯೇ ಇಲ್ಲ.

ವಯಸ್ಸು ಅರುವತ್ತರ ಹತ್ತಿರ. ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ ಈಚೆಗೆ ಎದ್ದಿರುವ ಮಾಲ್‌ನ ಎದುರು ನಿಂತು ವಾಹನಗಳಿಗೆ ಜಾಗ ತೋರಿಸುವುದು ಅವನ ಕೆಲಸ. ನೀಲಿ ಅಂಗಿ, ಕೊರಳಿಗೆ ಸೀಟಿ, ಕೈಯಲ್ಲಿ ಕೆಂಪು ದೀಪದ ಕೋಲು.

ಅವನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಒಂದು ಹಳ್ಳಿಯಲ್ಲಿ. ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಹೋಗಿ ನಮ್ಮ ಕಡೆಯ ರಮಾನಾಥರ ತಂದೆಯ ಹೋಟೆಲಿನಲ್ಲಿ ಲೋಟ ತೊಳೆದ. ಎತ್ತರವಾಗಿ ಬೆಳೆದ ಕಾರಣ ಅವನನ್ನು ಅಡುಗೆಮನೆಯಿಂದ ಬಾಗಿಲಿಗೆ ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಅವನ ಆಯುಷ್ಯದ ದೊಡ್ಡ ಪಾಲು ಆ ಗಾಜಿನ ಬಾಗಿಲನ್ನು ತೆರೆಯುವುದರಲ್ಲಿ, ಮುಚ್ಚುವುದರಲ್ಲಿ ಕಳೆಯಿತು. ಹೆಂಡತಿ ಕುಸುಮ ಶಿರ್ತಾಡಿಯ ಹತ್ತಿರದ ಸಣ್ಣ ಮನೆಯಲ್ಲಿ ಬೀಡಿ ಕಟ್ಟಿ ಮಗಳನ್ನು ಸಾಕಿದಳು, ಬಂಟ್ವಾಳದಾಚೆಯ ಮಾಣಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಳು. ಗಂಡ ವರ್ಷಕ್ಕೊಮ್ಮೆ ಬರುತ್ತಿದ್ದ. ತಂದೆಯ ನಂತರ ಹೋಟೆಲಿಗೆ ಒಡೆಯರಾದ ರಮಾನಾಥರು ಊರಿನಲ್ಲಿ ಮಾಲ್ ಕಟ್ಟಿಸಿದಾಗ ಅವನನ್ನು ಕರೆದು, "ಇನ್ನು ಊರಲ್ಲೇ ಇರು ಕುಶಾಲ" ಎಂದರಂತೆ. ಈ ಮಾತನ್ನು ಅವನು ನನಗೆ ಎಷ್ಟೋ ಸಲ ಹೇಳಿದ್ದಾನೆ, ಪ್ರತಿ ಸಲವೂ ಮೊದಲ ಸಲ ಹೇಳುವವನ ಹಾಗೆ. ಇನ್ನೊಂದು ಮಾತನ್ನೂ ಹೇಳುತ್ತಿದ್ದ:

"ಡ್ಯೂಟಿಯಲ್ಲಿ ನಾನು ಒಂದು ದಿನ ಕೂತವನಲ್ಲ ಟೀಚರೇ. ಬೇಕಾದರೆ ಧಣಿಗಳಲ್ಲಿ ಕೇಳಿ."

ಈಗ ಮಾಲ್‌ನ ವಿಷಯ. ಪಾಸಾದ ನಕ್ಷೆಯಲ್ಲಿ ನೆಲಮಾಳಿಗೆ ಪೂರ್ತಿಯಾಗಿ ವಾಹನ ನಿಲುಗಡೆಗೆ ಮೀಸಲು. ಉದ್ಘಾಟನೆಯ ಗದ್ದಲ ಮುಗಿದ ಮೇಲೆ ಅದರ ಅರ್ಧ ಬಟ್ಟೆ ಅಂಗಡಿಯ ಗೋದಾಮಾಯಿತು, ಕಾಲು ಭಾಗ ಮಕ್ಕಳ ಆಟದ ಕೋಣೆಯಾಯಿತು. ಉಳಿದಿರುವ ಜಾಗಕ್ಕೆ ಇಳಿಯಬೇಕಾದರೆ ಕಡಿದಾದ ತಿರುವಿನಲ್ಲಿ ಹೋಗಬೇಕು. ಹೊಸ ಕಾರಿಗೆ ಗೀರು ಬೀಳಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಹೀಗಾಗಿ ಕಾರುಗಳು ರಸ್ತೆಯ ಎರಡೂ ಬದಿಗೆ ನಿಂತವು. ನಡುವೆ ಒಂದು ವಾಹನ ಹೋಗುವಷ್ಟು ಮಾತ್ರ ದಾರಿ ಉಳಿಯಿತು. ಪೇಟೆಯಿಂದ ಒಂದು ಸಾಲು ಬರುತ್ತದೆ, ಶಿರ್ತಾಡಿ ಕಡೆಯಿಂದ ಇನ್ನೊಂದು ಸಾಲು ಬರುತ್ತದೆ, ಎರಡೂ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತವೆ. ಅಲ್ಲಿಗೆ ಮುಗಿಯಿತು.

ಒಂದೇ ಒಂದು ಉಪಾಯವಿತ್ತು. ಮಾಲ್‌ನ ಗೇಟಿನ ಪಕ್ಕದಲ್ಲಿ, ರಸ್ತೆಯಿಂದ ತುಸು ಒಳಕ್ಕೆ ಸರಿದ ಹಳೆಯ ಬಸ್ ನಿಲ್ದಾಣವಿತ್ತು. ಒಂದು ಬಸ್ಸು ನಿಲ್ಲುವಷ್ಟು ಜಾಗ. ಶಿರ್ತಾಡಿಯಿಂದ ಬಂದ ಬಸ್ಸು ಅದರೊಳಗೆ ಸರಿದು ನಿಂತರೆ ಎದುರಿನ ಸಾಲು ದಾಟಿಹೋಗುತ್ತದೆ, ಆಮೇಲೆ ಬಸ್ಸು ಹೊರಡುತ್ತದೆ. ಊರಿನವರು ಜಾಮ್ ಬಗ್ಗೆ ದೂರು ಕೊಟ್ಟರು. ಅಧಿಕಾರಿಗಳು ಬಂದು ನೋಡಿದರು, ಸಭೆ ಸೇರಿದರು, ಬಸ್ಸುಗಳು ನಿಂತು ಹೊರಡುವುದರಿಂದಲೇ ದಟ್ಟಣೆಯಾಗುತ್ತದೆ ಎಂದು ತೀರ್ಮಾನಿಸಿದರು. ನಿಲ್ದಾಣವನ್ನು ಬಹಳ ಮುಂದಕ್ಕೆ, ನೆರಳಿಲ್ಲದ ಕಡೆಗೆ, ಸ್ಥಳಾಂತರಿಸಿದರು. ಖಾಲಿಯಾದ ಜಾಗದಲ್ಲಿ ಮಾಲ್‌ನವರು ಒಂದು ಕೆಂಪು ಪ್ಲಾಸ್ಟಿಕ್ ಕೋನ್ ಇಟ್ಟು, 'ಗಣ್ಯರ ವಾಹನಗಳಿಗೆ ಮಾತ್ರ' ಎಂಬ ಫಲಕ ಹಾಕಿದರು. ಆ ಕೋನ್ ಎತ್ತುವುದು, ಇಡುವುದು ಕುಶಾಲಪ್ಪನ ಪಾಲಿಗೆ ಬಂತು. ಅದನ್ನು ಅವನು ಬಡ್ತಿ ಎಂದೇ ತಿಳಿದ.

ಅದೇ ವರ್ಷ ಕುಸುಮಳ ಎರಡೂ ಕಿಡ್ನಿಗಳು ಕೈಕೊಟ್ಟವು. ಸಕ್ಕರೆ ಕಾಯಿಲೆಯನ್ನು ಅವಳು ಬಹಳ ವರ್ಷ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಎಂದರು. ಹತ್ತಿರದಲ್ಲಿ ಎಲ್ಲೂ ಯಂತ್ರ ಖಾಲಿ ಇರಲಿಲ್ಲ. ಬಂಟ್ವಾಳದಲ್ಲಿ ಮಧ್ಯಾಹ್ನದ ಸರದಿ ಸಿಕ್ಕಿತು. ಶಿರ್ತಾಡಿಯಿಂದ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಬಂಟ್ವಾಳಕ್ಕೆ ಇನ್ನೊಂದು. ಅವಳ ಪಕ್ಕದ ಯಂತ್ರ ಶಿರ್ತಾಡಿಯವಳೇ ಆದ ಮಿಸ್ರಿಯಾಳದು. ಅವಳ ಗಂಡ ಗಲ್ಫ್‌ನಲ್ಲಿ ಲಾರಿ ಓಡಿಸುತ್ತಾನೆ. ಇಬ್ಬರೂ ಜೊತೆಯಾಗಿ ಹೋಗಿ ಜೊತೆಯಾಗಿ ಬರುತ್ತಿದ್ದರು. ಅದೇ ದಿನಗಳಲ್ಲಿ ಅದೇ ಬಸ್ಸಿನಲ್ಲಿ ಶಿರ್ತಾಡಿಯಿಂದ ನಾನೂ ಹೋಗುತ್ತಿದ್ದೆ; ಮೂಡುಬಿದಿರೆಯಲ್ಲಿ ನನಗೂ ಕೆಲಸವಿರುತ್ತಿತ್ತು. ಅದೇನೆಂಬುದು ಇಲ್ಲಿ ಮುಖ್ಯವಲ್ಲ.

ಬಂಟ್ವಾಳದ ನಿಯಮ ಸರಳ. ಒಬ್ಬರಿಗೆ ನಾಲ್ಕು ಗಂಟೆ. ತಡವಾಗಿ ಬಂದರೆ ತಡವಾದಷ್ಟು ಕಡಿತ, ಏಕೆಂದರೆ ಮುಂದಿನ ಸರದಿಯವರು ಬಂದು ಕಾದಿರುತ್ತಾರೆ. ತೀರಾ ತಡವಾದರೆ ಆ ದಿನದ ಯಂತ್ರ ಕಾಯುತ್ತಿರುವ ಬೇರೊಬ್ಬರಿಗೆ. ಇದರಲ್ಲಿ ಯಾರ ಅನ್ಯಾಯವೂ ಇಲ್ಲ. ಅವರೂ ಬದುಕಬೇಕು.

ಮೊದಲು ಶಿರ್ತಾಡಿಯಿಂದ ಇನ್ನೂ ಬೇಗನೆ ಹೊರಡುವ ಒಂದು ಬಸ್ಸಿತ್ತು. ನಮ್ಮ ಕಡೆಯ ಖಾಸಗಿ ಬಸ್ಸುಗಳು ಹೇಗೆ ಓಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಒಬ್ಬನ ಸಮಯ ಮುಗಿಯುವಲ್ಲಿ ಇನ್ನೊಬ್ಬನ ಸಮಯ ಶುರು. ಒಬ್ಬ ತಡಮಾಡಿದರೆ ಹಿಂದಿನವನ ಪ್ರಯಾಣಿಕರನ್ನು ಕದ್ದ ಹಾಗೆ, ಸ್ಟ್ಯಾಂಡಿನಲ್ಲಿ ಅಂಗಿ ಹಿಡಿದು ಜಗಳ. ಮಾಲ್‌ನ ಎದುರು ದಿನವೂ ಸಿಕ್ಕಿಬಿದ್ದು, ದಿನವೂ ಜಗಳವಾಡಿ, ಕೊನೆಗೆ ಆ ಬಸ್ಸಿನ ಮಾಲೀಕ ಆ ಟ್ರಿಪ್ಪನ್ನೇ ಕಟ್ ಮಾಡಿದ. ಉಳಿದದ್ದು ಇರ್ಷಾದ್ ಕಂಡಕ್ಟರ್ ಆಗಿರುವ ಬಸ್ಸು ಒಂದೇ. ಅದು ಜಾಮ್ ಇಲ್ಲದಿದ್ದರೆ ಬಂಟ್ವಾಳದ ಬಸ್ಸಿಗೆ ಸರಿಯಾಗಿ ಮುಟ್ಟಿಸುತ್ತದೆ. ಜಾಮ್ ಇದ್ದರೆ ಇಲ್ಲ.

ಒಂದು ದಿನದ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ಬಸ್ಸು ಮಾಲ್‌ನ ಬೋರ್ಡ್ ಕಾಣಿಸುವಷ್ಟು ದೂರದಲ್ಲಿ ನಿಂತು ಎಂಜಿನ್ ಬಂದ್ ಮಾಡಿತ್ತು. ಇರ್ಷಾದ್ ಫುಟ್‌ಬೋರ್ಡಿನಿಂದ ಹೊರಗೆ ಬಾಗಿ ನೋಡಿದ.

"ಇಳಿಯುವವರು ಇಲ್ಲೇ ಇಳಿಯಿರಿ ಮಾರಾಯ್ರೆ. ಇನ್ನು ಬಸ್ಸಿಗಿಂತ ನಿಮ್ಮ ಕಾಲೇ ಬೇಗ."

"ಕುಸುಮಕ್ಕ, ನಿನ್ನ ಗಂಡನಿಗೆ ಒಂದು ಫೋನ್ ಮಾಡು" ಎಂದಳು ಮಿಸ್ರಿಯಾ. "ಕಾರಿಗೆ ಸಲಾಂ ಹೊಡೆದು ಹೊಡೆದು ಅವರ ಕೈ ಸೊಟ್ಟ ಆಗಿರ್ಬೇಕು. ಒಂದು ಸಲಾಂ ಬಸ್ಸಿಗೂ ಹೊಡೆಯಲಿ, ಹೋಗುವ."

"ಡ್ಯೂಟಿಯಲ್ಲಿ ಅವರು ಫೋನ್ ತೆಗೆಯುವುದಿಲ್ಲ. ನಾನು ಸತ್ತೆ ಅಂತ ಹೇಳ್ಲಿಕ್ಕೂ ಸಂಜೆವರೆಗೆ ಕಾಯಬೇಕು" ಎಂದು ಕುಸುಮ ನಕ್ಕಳು. ನಗುವಾಗ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಇರ್ಷಾದ್ ಬಂಟ್ವಾಳದ ಬಸ್ಸಿನ ಕಂಡಕ್ಟರಿಗೆ ಫೋನ್ ಹಚ್ಚಿದ. "ಎರಡು ಪೇಷಂಟ್ ಉಂಟು, ಬಸ್ಸನ್ನು ಸ್ವಲ್ಪ ಹಿಡ್ಕೋ ಮಾರಾಯ. ಸ್ವಲ್ಪ ಅಂದ್ರೆ ಸ್ವಲ್ಪ." ಆ ಕಡೆಯಿಂದ ಬಂದ ಉತ್ತರ ಬಸ್ಸಿಗೆಲ್ಲ ಕೇಳಿಸಿತು: "ಹೇಗೆ ಹಿಡಿಯುವುದು? ಹಿಂದಿನವ ಹಾರ್ನ್ ಹೊಡೆದು ತಲೆ ತಿಂತಾ ಇದ್ದಾನೆ. ಮೊನ್ನೆ ಹಿಡಿದದ್ದಕ್ಕೇ ಅವನ ಹತ್ತಿರ ಬೈಸಿಕೊಂಡೆ."

ಅಂದು ಕುಸುಮ ಇಳಿದು ನಡೆದಳು. ನಾನೂ ಇಳಿದೆ. ಅವಳ ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಮಿಸ್ರಿಯಾ ಅವಳ ಕೈ ಹಿಡಿದಿದ್ದಳು. ಯಾರು ಯಾರನ್ನು ನಡೆಸುತ್ತಿದ್ದರು ಎಂದು ಹೇಳುವುದು ಕಷ್ಟವಾಗಿತ್ತು. ಕಾರುಗಳ ಸಂದಿಯಲ್ಲಿ, ಕನ್ನಡಿಗಳಿಗೆ ಮೊಣಕೈ ತಾಗಿಸಿಕೊಳ್ಳುತ್ತಾ ಮಾಲ್‌ನ ಗೇಟಿನ ಹತ್ತಿರ ಬಂದೆವು. ಅಷ್ಟರಲ್ಲಿ ಒಂದು ದೊಡ್ಡ ಬಿಳಿ ಕಾರು ಹಳೆಯ ಬಸ್ ನಿಲ್ದಾಣದ ಜಾಗಕ್ಕೆ ತಿರುಗಿತು. ಕುಶಾಲಪ್ಪ ಕೋನ್ ಎತ್ತಿ, ಸೀಟಿ ಊದಿ, ಕೋಲನ್ನು ನಮ್ಮ ಕಡೆಗೆ ಚಾಚಿದ.

"ಬದಿಗೆ! ಬದಿಗೆ ಹೋಗಿ!"

ಕೋಲು ಹೆಂಡತಿಯ ಎದೆಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವಳು ಬದಿಗೆ ಸರಿದಳು. ಕಾರು ಒಳಬಂತು. ಅವನು ಹಿಮ್ಮಡಿ ಕೂಡಿಸಿ ಸಲಾಂ ಹೊಡೆದ. ಅವಳನ್ನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದ್ದರೆ ಇನ್ನೂ ಕೆಟ್ಟದ್ದು.

"ಹೆಂಡತಿಗೇ ಬದಿಗೆ ಹೋಗು ಅಂದರಲ್ಲ!" ಎಂದು ಮಿಸ್ರಿಯಾ ಗೇಟಿನ ಹತ್ತಿರವೇ ಗಟ್ಟಿಯಾಗಿ ಹೇಳಿದಳು.

"ಸೀಟಿ ಊದುವಾಗ ಅವರಿಗೆ ಎಲ್ಲರೂ ಒಂದೇ" ಎಂದಳು ಕುಸುಮ. ಅಷ್ಟು ಹೇಳಿ ಮುಗಿಸಲು ಅವಳು ನಿಂತುಕೊಳ್ಳಬೇಕಾಯಿತು.

ನಾವು ಸ್ಟ್ಯಾಂಡ್ ಮುಟ್ಟುವಾಗ ಬಂಟ್ವಾಳದ ಬಸ್ಸು ಹೋಗಿ ಆಗಿತ್ತು.

ನಾನು ಮಾಲ್‌ನ ಮ್ಯಾನೇಜರ್ ಶೋಧನ್‌ನನ್ನು ಕಾಣಲು ಹೋದೆ. ಗಾಜಿನ ಕೋಣೆ, ತಣ್ಣಗಿನ ಗಾಳಿ. ಹುಡುಗ ಸಭ್ಯ; ಎದ್ದು ನಿಂತು ಕುರ್ಚಿ ಸರಿಸಿದ, ನೀರು ತರಿಸಿದ.

"ಮೇಡಂ, ರೋಡ್ ನಮ್ಮದಲ್ಲ. ರೋಡಿನಲ್ಲಿ ನಿಂತ ಕಾರೂ ನಮ್ಮದಲ್ಲ. ಆ ಕಾರಿನವರು ನಮ್ಮ ಕಸ್ಟಮರ್, ಅಷ್ಟೇ."

"ಗೇಟಿನ ಪಕ್ಕದ ಜಾಗ?"

"ಅದು ನಮ್ಮ ಗೆಸ್ಟ್‌ಗಳಿಗೆ."

"ಅದು ಸರ್ಕಾರದ ರಸ್ತೆ."

"ಬಸ್ ಸ್ಟಾಪ್ ಶಿಫ್ಟ್ ಆಯ್ತಲ್ಲ ಮೇಡಂ, ಖಾಲಿ ಬಿದ್ದಿತ್ತು. ನಾವು ಕ್ಲೀನ್ ಇಟ್ಟುಕೊಂಡಿದ್ದೇವೆ." ನನ್ನ ಮುಖ ನೋಡಿ ಅವನು ಹೊರಗಿನಿಂದ ಕುಶಾಲಪ್ಪನನ್ನು ಕರೆಸಿದ. "ಕುಶಾಲಪ್ಪಣ್ಣ, ನೀವೇ ಹೇಳಿ. ಬಸ್ಸಿನವರಿಗೆ ನಮ್ಮಿಂದ ಏನಾದರೂ ತೊಂದರೆ ಉಂಟಾ?"

ಕುಶಾಲಪ್ಪ ನನ್ನನ್ನು ನೋಡಲಿಲ್ಲ. "ಇಲ್ಲ ಸರ್" ಎಂದ.

ಹೊರಗೆ ಬಂದ ಮೇಲೆ ಕೇಳಿದೆ. "ನಿನ್ನ ಹೆಂಡತಿ ಆ ಬಸ್ಸಿನಲ್ಲಿ ಇರುತ್ತಾಳೆ. ಅವಳ ಯಂತ್ರದ ಸಮಯ ಪ್ರತಿ ಸಲ ಕಡಿಮೆಯಾಗುತ್ತಿದೆ. ಅದನ್ನು ಹೇಳಲು ನಿನಗೆ ಬಾಯಿಲ್ಲವೇ?"

"ಹೇಳಿದರೆ ಎಂತ ಹೇಳ್ತಾರೆ ಟೀಚರೇ? ನೀವು ಮನೆಯಲ್ಲಿದ್ದು ಹೆಂಡತಿಯನ್ನು ನೋಡ್ಕೊಳ್ಳಿ ಅಂತಾರೆ. ಒಳ್ಳೆ ಮಾತಲ್ಲೇ ಹೇಳ್ತಾರೆ. ನಾಳೆಯಿಂದ ಈ ಸೀಟಿ ಇನ್ನೊಬ್ಬನ ಬಾಯಲ್ಲಿ. ಮತ್ತೆ ಔಷಧಿಗೆ ಎಲ್ಲಿಗೆ ಹೋಗ್ಲಿ?"

"ಹಾಗಾದರೆ ರಮಾನಾಥರಿಗೆ ಹೇಳು."

"ಧಣಿಗಳ ಹತ್ತಿರ ನಾನು ಇವತ್ತಿನವರೆಗೆ ಏನನ್ನೂ ಕೇಳಿದವನಲ್ಲ" ಎಂದ. ಅದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. ಅದನ್ನು ಅವನು ಮಾನ ಎಂದುಕೊಂಡಿದ್ದ. ನಾನು ಅದಕ್ಕೆ ಕೊಡುವ ಹೆಸರು ಬೇರೆ.

ಡಿಸೆಂಬರ್ ಬಂತು. ಗಲ್ಫ್‌ನವರು ರಜೆಯಲ್ಲಿ ಊರಿಗೆ ಬಂದರು, ಮಾಲ್‌ನಲ್ಲಿ ವರ್ಷಾಂತ್ಯದ ಸೇಲ್ ಶುರುವಾಯಿತು, ಮೇಲಿನ ಮಹಡಿಯ ಹಾಲ್‌ನಲ್ಲಿ ದಿನ ಬಿಟ್ಟು ದಿನ ಮದುವೆಯ ರಿಸೆಪ್ಶನ್. ಸಾಲು ಬೆಳೆಯುತ್ತಾ ಹೋಗಿ ಶಿರ್ತಾಡಿ ಕಡೆಯ ತಿರುವನ್ನು ದಾಟಿತು. ರಿಕ್ಷಾದವರು ಈ ಕಡೆಗೆ ಬಾಡಿಗೆ ಕರೆದರೆ ಮುಖ ತಿರುಗಿಸಿದರು. ಬಸ್ಸಿನ ಚಾಲಕ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂರುತ್ತಿದ್ದ. ಕುಸುಮಳಿಗೆ ಒಂದು ವಾರ ಒಂದು ಸಲವೂ ಪೂರ್ತಿ ಸಮಯ ಸಿಗಲಿಲ್ಲ. ಮುಂದಿನ ವಾರವೂ ಸಿಗಲಿಲ್ಲ. ನೀರು ದೇಹದಲ್ಲೇ ಉಳಿಯಿತು. ಮುಖ ಊದಿ ಕಣ್ಣು ಸಣ್ಣದಾಯಿತು. ಬಾಯಾರಿಕೆಯಾದರೆ ಒಂದು ಚೂರು ಮಂಜುಗಡ್ಡೆ ಬಾಯಲ್ಲಿಟ್ಟುಕೊಳ್ಳುತ್ತಿದ್ದಳು. ಮಿಸ್ರಿಯಾ ತರುತ್ತಿದ್ದ ಫ್ಲಾಸ್ಕಿನಿಂದ. ಬಸ್ಸಿನಲ್ಲಿ ಈಗ ತಮಾಷೆ ಇರಲಿಲ್ಲ.

"ಮಲಗಿದರೆ ಮುಳುಗಿದ ಹಾಗೆ ಆಗ್ತದೆ ಟೀಚರೇ" ಎಂದು ಒಮ್ಮೆ ನನಗೆ ಹೇಳಿದಳು. "ರಾತ್ರಿ ಗೋಡೆಗೆ ಒರಗಿ ಕೂತುಕೊಳ್ತೇನೆ. ಅವರೂ ಎದುರಲ್ಲಿ ಕೂತಿರ್ತಾರೆ. ಮನೆಯಲ್ಲಿ ಕೂತುಕೊಳ್ತಾರೆ, ಪುಣ್ಯ."

ಮಗಳು ಮಾಣಿಯಿಂದ ಬಂದು ನಾಲ್ಕು ದಿನ ಇದ್ದು ಹೋದಳು. ಅವಳ ಮಗು ಇನ್ನೂ ಕೈಕೂಸು. ತಾಯಿಯನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿಂದ ಬಂಟ್ವಾಳ ಹತ್ತಿರ ಎಂದಳು. ಕುಸುಮ ಒಪ್ಪಲಿಲ್ಲ. ಅಳಿಯನ ಮನೆಯಲ್ಲಿ ಕಾಯಿಲೆ ಹಿಡಿದು ಮಲಗುವುದು ನಮ್ಮವರಲ್ಲಿ ಸಾವಿಗಿಂತ ದೊಡ್ಡ ಅವಮಾನ. ಎಷ್ಟು ಓದಿಸಿದರೂ, ಎಷ್ಟು ಹೇಳಿದರೂ ನಮ್ಮ ಹೆಂಗಸರು ಈ ಒಂದು ಮೂರ್ಖತನವನ್ನು ಬಿಡುವುದಿಲ್ಲ. ಕುಶಾಲಪ್ಪನೂ ಒತ್ತಾಯಿಸಲಿಲ್ಲ.

ಅದರ ಮುಂದಿನ ವಾರ ಅವನು ಮೊದಲ ಬಾರಿಗೆ ರಜೆ ಹಾಕಿದ. ನಿಜವಾದ ಕಾರಣ ಹೇಳಲಿಲ್ಲವಂತೆ, ಹೊಟ್ಟೆನೋವು ಎಂದನಂತೆ. ಗುರುತಿನವನ ರಿಕ್ಷಾದಲ್ಲಿ ಹೆಂಡತಿಯನ್ನೂ ಮಿಸ್ರಿಯಾಳನ್ನೂ ಕೂರಿಸಿಕೊಂಡು ಬಂಟ್ವಾಳಕ್ಕೆ ಹೊರಟ. ಬಸ್ಸಿಗಿಂತ ಮುಂಚೆ ಹೊರಟರೂ ರಿಕ್ಷಾ ಮಾಲ್‌ನ ಎದುರಿನ ಸಾಲಿನಲ್ಲಿ ಸಿಕ್ಕಿಕೊಂಡಿತು. ಆಮೇಲೆ ಆದದ್ದನ್ನು ಮಿಸ್ರಿಯಾ ನನಗೆ ಹೇಳಿದಳು.

ರಿಕ್ಷಾ ಅಂತೂ ತೆವಳುತ್ತಾ ಗೇಟಿನ ಹತ್ತಿರ ಬಂತು. ಗಣ್ಯರ ಜಾಗ ಖಾಲಿ ಇತ್ತು, ಕೋನ್ ಮಾತ್ರ ನಿಂತಿತ್ತು. ರಿಕ್ಷಾದವನು ಅದರೊಳಗೆ ನುಗ್ಗಿಸಲು ನೋಡಿದ. ಕುಶಾಲಪ್ಪನ ಬದಲಿಗೆ ಬಂದಿದ್ದ ಕಾವಲುಗಾರ ಓಡಿ ಬಂದು ರಿಕ್ಷಾದ ತಗಡಿಗೆ ಬಡಿದು, "ಹಿಂದೆ! ಹಿಂದೆ ತೆಗಿ!" ಎಂದ. ಮಿಸ್ರಿಯಾ ತಲೆ ಹೊರಹಾಕಿ, "ಪೇಷಂಟ್ ಉಂಟು, ಕಾಣುವುದಿಲ್ಲವಾ ನಿನಗೆ?" ಎಂದು ಕೂಗಿದಳು. ಕುಸುಮ ಕಣ್ಣು ಮುಚ್ಚಿ ಬಾಯಿಯಿಂದ ಉಸಿರೆಳೆಯುತ್ತಿದ್ದಳು. ಆಗ ಕುಶಾಲಪ್ಪ ರಿಕ್ಷಾದವನ ಹೆಗಲು ಮುಟ್ಟಿ ಹೇಳಿದ:

"ಹಿಂದೆ ತೆಗಿ ಮಾರಾಯ. ಅವನದ್ದು ತಪ್ಪಿಲ್ಲ. ಆರ್ಡರ್ ಹಾಗೆ ಉಂಟು."

ಎದುರಿನ ಸಾಲು ನುಗ್ಗಿ ಬಂತು. ಅವರು ಬಂಟ್ವಾಳ ಮುಟ್ಟುವಾಗ ಎರಡು ಯಂತ್ರಗಳಲ್ಲೂ ಬೇರೆಯವರು ಮಲಗಿದ್ದರು. ಸಂಜೆಯ ಸರದಿಯ ನಂತರ ಮಿಸ್ರಿಯಾಳಿಗೂ ಕುಸುಮಳಿಗೂ ಸೇರಿಸಿ ಒಂದೇ ಯಂತ್ರ, ಅದೂ ಸ್ವಲ್ಪ ಹೊತ್ತಿಗೆ ಸಿಗಬಹುದು ಎಂದರು. ಅವರು ಕಾದರು. ಕುಸುಮ, "ನೀನು ಹೋಗು, ನಿನಗೆ ಮಕ್ಕಳು ಸಣ್ಣವರು" ಎಂದು ಮಿಸ್ರಿಯಾಳನ್ನು ಮೊದಲು ಕಳಿಸಿದಳು. ಮಿಸ್ರಿಯಾಳದ್ದು ಮುಗಿಯುವಾಗ ಕೇಂದ್ರ ಮುಚ್ಚುವ ಹೊತ್ತಾಗಿತ್ತು. ನಾಳೆ ಬೆಳಿಗ್ಗೆಯೇ ಬನ್ನಿ, ಹೇಗಾದರೂ ಮಾಡೋಣ ಎಂದರು.

ಆ ಬೆಳಗ್ಗೆ ಕುಸುಮ ಗೋಡೆಗೆ ಒರಗಿ ಕುಳಿತಲ್ಲೇ ಹೋದಳು.

ಮಾಲ್ ಅವಳನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಅವಳ ಕಾಯಿಲೆ ಅವಳನ್ನು ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ ಕೊಲ್ಲುತ್ತಿತ್ತು. ಆ ಒಂದೆರಡು ವರ್ಷ ರಸ್ತೆಯಲ್ಲಿ ಹೋಯಿತು ಎಂದಷ್ಟೇ ಹೇಳುತ್ತೇನೆ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಕುಶಾಲಪ್ಪ ಕೆಲಸಕ್ಕೆ ಬಂದ. ಬೋಳಿಸಿದ ತಲೆಯ ಮೇಲೆ ಟೋಪಿ ಸಡಿಲವಾಗಿ ಕುಳಿತಿತ್ತು. ಅದೇ ಸೀಟಿ, ಅದೇ ಕೋಲು, ಅದೇ ಸಲಾಂ. ಅವನು ಕೆಲಸ ಬಿಟ್ಟಾನು, ಕೋನನ್ನು ಎತ್ತಿ ಎಸೆದಾನು, ಕನಿಷ್ಠ ಮ್ಯಾನೇಜರನ ಮುಖಕ್ಕೆ ಎರಡು ಮಾತು ಹೇಳಿಯಾನು ಎಂದು ಬಸ್ಸಿನವರು ಕಾದಿದ್ದರು. ನಾನು ಕಾದಿರಲಿಲ್ಲ. ಬಸ್ಸು ಸಾಲಿನಲ್ಲಿ ನಿಂತಾಗ ಇರ್ಷಾದ್ ಅವನನ್ನು ದೂರದಿಂದ ನೋಡಿ, "ಮನುಷ್ಯನಾ ಅವ?" ಎಂದ. ಮಿಸ್ರಿಯಾಳ ಪಕ್ಕದ ಸೀಟು ಖಾಲಿ ಇರುತ್ತಿತ್ತು, ಮೊದಮೊದಲು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಕೊನೆಗೆ ನಾನು ಕೂರಲು ಶುರುಮಾಡಿದೆ. ಫ್ಲಾಸ್ಕ್ ಈಗಲೂ ಅವಳ ಮಡಿಲಲ್ಲಿ ಇರುತ್ತಿತ್ತು. ಅವಳ ಕಾಲೂ ಊದಲು ಶುರುವಾಗಿತ್ತು.

ಜನವರಿಯಲ್ಲಿ ಮಾಲ್‌ನ ವಾರ್ಷಿಕೋತ್ಸವ. ರಮಾನಾಥರು ಮುಂಬಯಿಯಿಂದ ಬರುತ್ತಾರೆಂದು ಗೇಟಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದರು. ಮೈಕಿನಲ್ಲಿ ಬಹುಮಾನಗಳ ಘೋಷಣೆ ನಡೆದಿತ್ತು. ನಮ್ಮ ಬಸ್ಸು ಎಂದಿಗಿಂತ ಬಹಳ ಹಿಂದೆಯೇ ನಿಂತಿತು. ಆಮೇಲೆ ಒಂದಿಷ್ಟು ಸರಿಯಿತು, ಮತ್ತೆ ನಿಂತಿತು. ಮಿಸ್ರಿಯಾ ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡಿದ್ದಳು.

"ಇವತ್ತೂ ಹೋಯ್ತಾ ಟೀಚರೇ?" ಎಂದಳು.

ಸುಳ್ಳು ಸಮಾಧಾನ ನನಗೆ ಬರುವುದಿಲ್ಲ.

"ಮೊನ್ನೆ ಅರ್ಧದಲ್ಲೇ ತೆಗೆದರು. ಇವತ್ತೂ ಆಗದಿದ್ದರೆ..." ಫ್ಲಾಸ್ಕಿನ ಮುಚ್ಚಳವನ್ನು ತಿರುವಿ ಬಿಗಿಮಾಡಿದಳು, ಸಡಿಲ ಮಾಡಿದಳು, ಮತ್ತೆ ಬಿಗಿಮಾಡಿದಳು.

ಇರ್ಷಾದ್ ಫೋನಿನಲ್ಲಿ ಬಂಟ್ವಾಳದ ಕಂಡಕ್ಟರನನ್ನು ಅಂಗಲಾಚುತ್ತಿದ್ದ. "ಒಬ್ಬರೇ ಉಂಟು ಈಗ. ಇನ್ನೊಬ್ಬರು ಇಲ್ಲ. ಒಬ್ಬರಿಗಾಗಿ ಹಿಡ್ಕೋ ಮಾರಾಯ."

ಬಸ್ಸು ಗೇಟಿನ ಹತ್ತಿರ ಬಂದಾಗ ಗಣ್ಯರ ಜಾಗ ಖಾಲಿ ಇರುವುದು ಕಾಣಿಸಿತು. ಅದರ ನಡುವೆ ಕೋನ್, ಕೋನಿನ ಪಕ್ಕದಲ್ಲಿ ಕುಶಾಲಪ್ಪ. ಧಣಿಗಳಿಗಾಗಿ ಕಾದಿರಿಸಿದ ಜಾಗ ಎಂಬುದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಅದೇ ಹೊತ್ತಿಗೆ ಪೇಟೆಯ ಕಡೆಯಿಂದ ರಮಾನಾಥರ ಕರಿ ಕಾರು ಬಂತು, ಅದರ ಹಿಂದೆ ಉದ್ದನೆಯ ಸಾಲು. ಬಸ್ಸು ಈ ಕಡೆ, ಕಾರು ಆ ಕಡೆ, ನಡುವೆ ಆ ಖಾಲಿ ಜಾಗ. ಕಾರಿನ ಚಾಲಕ ಇಂಡಿಕೇಟರ್ ಹಾಕಿ, ಒಳಗೆ ತಿರುಗಲು ಸ್ವಲ್ಪ ಮುಂದೆ ಬಂದು, ಕೋನ್ ಎತ್ತಲೆಂದು ಕಾದ.

ಆ ಕಾರು ಒಳಗೆ ಹೋದರೆ ಅದರ ಹಿಂದಿನ ಸಾಲು ನೇರವಾಗಿ ನಮ್ಮ ಮುಖಕ್ಕೆ ಬಂದು ನಿಲ್ಲುತ್ತದೆ. ಮುಂದೆ ಏನಾಗುತ್ತದೆಂದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕುಶಾಲಪ್ಪ ಕೋನ್ ಎತ್ತಿದ. ಅದನ್ನು ಕಂಕುಳಲ್ಲಿಟ್ಟುಕೊಂಡು ಎರಡು ಹೆಜ್ಜೆ ನಡೆದು ಕರಿ ಕಾರಿನ ಮುಂದೆ ಬಂದ. ಆಮೇಲೆ ಕೋನನ್ನು ಪಕ್ಕದಲ್ಲಿಟ್ಟು, ಕಾರಿನ ಬಂಪರಿನ ಎದುರು, ಡಾಂಬರಿನ ಮೇಲೆ ಕುಳಿತುಬಿಟ್ಟ. ಬಿದ್ದನೆಂದೇ ನಾನು ಮೊದಲು ಭಾವಿಸಿದೆ. ಬಿದ್ದಿರಲಿಲ್ಲ. ಕಾಲು ಮಡಚಿ, ಮನೆಯ ಜಗಲಿಯಲ್ಲಿ ಕೂರುವ ಹಾಗೆ ಕುಳಿತಿದ್ದ. ಚಾಲಕ ಹಾರ್ನ್ ಹೊಡೆದ. ಹಿಂದಿನ ಕಾರುಗಳೂ ಹೊಡೆದವು. ಹಿಂದಿನ ಸೀಟಿನ ಗಾಜು ಇಳಿಯಿತು.

"ಕುಶಾಲ! ಎಂತ ಆಯ್ತು ನಿನಗೆ? ತಲೆ ತಿರುಗಿತಾ?"

ಅವನು ಏಳಲಿಲ್ಲ. ಧಣಿಗಳ ಕಡೆಗೆ ತಿರುಗಲೂ ಇಲ್ಲ. ಕುಳಿತಲ್ಲಿಂದಲೇ ಕೆಂಪು ಕೋಲನ್ನು ಎತ್ತಿ ನಮ್ಮ ಬಸ್ಸಿಗೆ ಒಳಗೆ ಬಾ ಎಂದು ಸನ್ನೆ ಮಾಡಿದ. ಬಸ್ಸಿನ ಚಾಲಕನಿಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ. ಇರ್ಷಾದ್ ಬಸ್ಸಿನ ತಗಡಿಗೆ ಎರಡೂ ಕೈಯಿಂದ ಬಡಿದು, "ಬಲೆ, ಬಲೆ, ಬನ್ನಿ! ಎಂತ ನೋಡ್ತೀರಿ? ಒಳಗೆ ಹಾಕಿ!" ಎಂದು ಕಿರುಚಿದ. ಮಾಲ್‌ನ ಮೆಟ್ಟಿಲಿನಿಂದ ಶೋಧನ್ ಓಡಿ ಇಳಿಯುತ್ತಿದ್ದ. ಬಸ್ಸು ಗುಡುಗುಡಿಸಿ ಹಳೆಯ ನಿಲ್ದಾಣದ ಜಾಗದೊಳಗೆ ಸರಿದು, ಚೆಂಡುಹೂವಿನ ಮಾಲೆಗೆ ತಾಗುವಷ್ಟು ಹತ್ತಿರ ನಿಂತಿತು.

ಆಗ ಕುಶಾಲಪ್ಪ ಒಂದು ಕೈ ನೆಲಕ್ಕೂರಿ ಎದ್ದ. ಪ್ಯಾಂಟಿನ ಹಿಂಬದಿಯ ಧೂಳು ಕೊಡವಿದ. ಕಾರಿನ ಮುಂದಿನಿಂದ ಸರಿದು, ಹಿಮ್ಮಡಿ ಕೂಡಿಸಿ, ರಮಾನಾಥರಿಗೆ ಸಲಾಂ ಹೊಡೆದ. ನಿಲ್ಲಲು ಜಾಗವಿಲ್ಲದ ಆ ಕಾರು ಬೇರೆ ದಾರಿ ಕಾಣದೆ ನಮ್ಮನ್ನು ದಾಟಿ ಶಿರ್ತಾಡಿಯ ಕಡೆಗೆ ಹೋಯಿತು. ಅದರ ಹಿಂದಿನ ಸಾಲೂ ದಾಟಿ ಮುಗಿದ ಕೂಡಲೇ, ಸಲಾಂ ಹೊಡೆದ ಅದೇ ಕೈಯನ್ನು ಅವನು ಪೇಟೆಯ ಕಡೆಯಿಂದ ಮತ್ತೆ ಬರುತ್ತಿದ್ದ ವಾಹನಗಳಿಗೆ ಅಡ್ಡ ಹಿಡಿದು, ಸೀಟಿಯನ್ನು ಉದ್ದಕ್ಕೆ ಊದಿದ. ಅವು ದೂರದಲ್ಲೇ ನಿಂತವು. ಬಸ್ಸು ಹೊರಟಿತು.

ಮಿಸ್ರಿಯಾ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು. ಬಸ್ಸು ಪಕ್ಕದಿಂದ ಹಾದುಹೋಗುವಾಗ ಅವನು ನಮ್ಮತ್ತ ನೋಡಲಿಲ್ಲ.